ಹೆಸರಿಲ್ಲದ ಮಾತಿಗೆ ಹಲಗೆ ಇಲ್ಲ

ಕುರುಗೋಡಿನಲ್ಲಿ ಎತ್ತು ಕಳೆದರೆ, ಸಂತೆಯ ಜಾಗ ಬದಲಾದರೆ, ಕಂದಾಯದವರು ಬರುವ ದಿನ ಗೊತ್ತಾದರೆ ಅದನ್ನು ಊರಿಗೆ ಸಾರುವವನು ಉಚ್ಚೆಂಗೆಪ್ಪ. ಅವನ ಅಪ್ಪ, ಅಜ್ಜ ಮಾಡಿಕೊಂಡು ಬಂದ ಕೆಲಸ. ಆದರೆ ಅವನು ಸಾರುವ ರೀತಿ ಅವನದೇ. ಮೊದಲು ತಮಟೆಯಂಥ ಚರ್ಮದ ಹಲಗೆಯ ಮೇಲೆ ಆರು ಪೆಟ್ಟು. ಒಳಗಿರುವ ಹೆಂಗಸರು ಕೈ ಒರೆಸಿಕೊಂಡು ಬಾಗಿಲಿಗೆ ಬರಲು ಅಷ್ಟು ಹೊತ್ತು ಸಾಕು ಎಂಬುದು ಅವನ ಲೆಕ್ಕ. ಆಮೇಲೆ ವಿಷಯ. ಕೊನೆಗೆ ಹಲಗೆಯ ಮೇಲೆ ಅಂಗೈ ಇಟ್ಟು ಸದ್ದಡಗಿಸಿ, ವಿಷಯ ಹೇಳಿದವರ ಹೆಸರು.

"ಕೇಳ್ರಪೋ ಕೇಳ್ರಿ! ಹಳೇಪೇಟಿ ಅಯ್ಯಣ್ಣನ ಬಿಳಿ ಹೋರಿ ನಿನ್ನಿ ಸಂಜಿಂದ ಕಾಣವಲ್ಲದು. ಕಂಡೋರು ಕಟ್ಟಿ ಹಾಕಿ ತಿಳಿಸ್ರಿ. ಹೇಳಿದೋನು ಅಯ್ಯಣ್ಣ. ಹೋರಿ ಬಿಳೇದಲ್ಲ, ಬೂದಿ ಬಣ್ಣದ್ದು. ಹೇಳಿದೋಳು ಅಯ್ಯಣ್ಣನ ಹೇಣ್ತಿ."

ಹೋರಿ ಸಿಕ್ಕಿತು. ಬಣ್ಣದ ವಿಚಾರ ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಈ ಹೆಸರು ಸೇರಿಸುವ ಪದ್ಧತಿ ಅಪ್ಪನಿಂದ ಬಂದದ್ದಲ್ಲ. ಅದು ೧೯೪೩ರಲ್ಲಿ, ಯುದ್ಧದ ಕಾಲದಲ್ಲಿ, ಒಂದು ದೊಡ್ಡ ಎಡವಟ್ಟಿನಿಂದ ಹುಟ್ಟಿತು. ಊರಿನವರು ಇವತ್ತಿಗೂ ಅದನ್ನು "ಹಳಿ ಬಿಚ್ಚಿದ ವರ್ಷ" ಎನ್ನುತ್ತಾರೆ.

ಶಿವರಾತ್ರಿ ಕಳೆದಿತ್ತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಬಳ್ಳಾರಿಯ ಹತ್ತಿ ಮಾರುಕಟ್ಟೆಯಿಂದ ಬಂದ ಯಾರೋ ಚಾವಡಿಯ ಕಟ್ಟೆಯ ಮೇಲೆ ಕುಳಿತು, ಸರಕಾರಕ್ಕೆ ತೋಪು ಎರಕ ಹೊಯ್ಯಲು ಕಬ್ಬಿಣ ಸಾಲುತ್ತಿಲ್ಲ, ಬಂಡಿ ಗಾಲಿಗಳ ಸುತ್ತಿನ ಕಬ್ಬಿಣದ ಹಳಿ ಬಿಚ್ಚಿಕೊಂಡು ಹೋಗಲು ಮಿಲಿಟರಿ ಬರುತ್ತಿದೆ ಎಂದರು. ಇನ್ನೊಬ್ಬರು, ಕೊಳಗಲ್ಲಿನಲ್ಲಿ ಆಗಲೇ ಬಿಚ್ಚಿದರಂತೆ ಎಂದರು. ಕೆಳಗೆ ನಿಂತಿದ್ದ ಉಚ್ಚೆಂಗೆಪ್ಪನಿಗೆ ಮೇಲಿನಿಂದ ಒಂದು ದನಿ ಅಪ್ಪಣೆ ಕೊಟ್ಟಿತು: "ಸಾರಲೇ, ಲಗೂ ಸಾರು." ಅವನ ಜಾತಿಯವರು ಚಾವಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಕೆಳಗೆ ನಿಂತವನಿಗೆ ದನಿ ಕೇಳಿತೇ ಹೊರತು ಮುಖ ಕಾಣಲಿಲ್ಲ. ಅವನು ಸಾರಿದ.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಊರಿನ ನಲವತ್ತು ಬಂಡಿಗಳ ಗಾಲಿಗೆ ಹಳಿ ಇರಲಿಲ್ಲ. ಜನ ತಾವೇ ಬಡಿದು ಬಿಚ್ಚಿ ಬಚ್ಚಿಟ್ಟಿದ್ದರು. ಕೆಲವರು ಬಣವೆಯಲ್ಲಿ, ಕೆಲವರು ಜೋಳ ತುಂಬಿಡುವ ಹಗೇವಿನಲ್ಲಿ, ಒಬ್ಬಿಬ್ಬರು ಬಾವಿಯಲ್ಲಿ. ಅಂಗಡಿಯ ಮರಿಬಸಪ್ಪ ಎಲ್ಲರಿಗಿಂತ ಜಾಣ. ಅವನು ತನ್ನ ಹಳಿಗಳನ್ನು ಕೆರೆಯಲ್ಲಿ ಮುಳುಗಿಸಿದ. ಗುರುತಿಗೆಂದು ನೀರಿನ ಮೇಲೆ ಒಂದು ಸೋರೆ ಬುರುಡೆ ತೇಲಿಬಿಟ್ಟ. ಬುರುಡೆ ಗಾಳಿಗೆ ತನಗೆ ಬೇಕಾದ ಕಡೆ ಹೋಯಿತು.

ಮಿಲಿಟರಿ ಬರಲಿಲ್ಲ. ಕೊಳಗಲ್ಲಿನಲ್ಲಿ ಯಾರೂ ಏನೂ ಬಿಚ್ಚಿರಲಿಲ್ಲ. ಆದರೆ ಹಳಿಯಿಲ್ಲದ ಗಾಲಿಯ ಮರ ಬಿಸಿಲಿಗೆ ಒಣಗಿ ಸಡಿಲವಾಯಿತು. ಹಳಿ ಬಿಚ್ಚಲು ಒಂದು ಸುತ್ತಿಗೆ ಸಾಕು. ಕೂಡಿಸಲು ಕುಲುಮೆ ಬೇಕು, ಕೆಂಪಗೆ ಕಾಯಿಸಬೇಕು, ಕೂಡಿಸಿ ನೀರು ಹೊಯ್ಯಬೇಕು. ಊರಿಗೆ ಇದ್ದವನು ಒಬ್ಬನೇ ಕಮ್ಮಾರ, ಕೊಟ್ಟೂರಪ್ಪ. ಎರಡು ತಿಂಗಳು ಅವನ ಮನೆಯ ಮುಂದೆ ಗಾಲಿಗಳ ಸಾಲು. ಹತ್ತಿ ಮನೆಯಲ್ಲೇ ಬಿದ್ದಿತ್ತು. ಆಗ ಇನ್ನೊಂದು ಸುದ್ದಿ ಹುಟ್ಟಿತು: ಇದರಿಂದ ಯಾರಿಗೆ ಲಾಭವಾಯಿತು ನೋಡಿ, ಕಮ್ಮಾರನಿಗೆ, ಹಾಗಾದರೆ ಹಬ್ಬಿಸಿದವನು ಅವನೇ! ಮಾತು ಎಷ್ಟು ಸರಿಯಾಗಿ ಕೂಡಿಕೊಂಡಿತೆಂದರೆ ವಾರದೊಳಗೆ ಊರೆಲ್ಲ ಅದನ್ನು ನಂಬಿತು. ನಂಬದವನು ಕಮ್ಮಾರನ ಪಕ್ಕದ ಮನೆಯವನೊಬ್ಬನೇ. ಏಕೆಂದರೆ ಡಂಗುರ ಕೇಳಿದ ದಿನ ಕೊಟ್ಟೂರಪ್ಪ ಹೆದರಿ ಕಬ್ಬಿಣ ಬಡಿಯುವ ತನ್ನ ಅಡಿಗಲ್ಲನ್ನೇ ಹಿತ್ತಲಲ್ಲಿ ಹೂತಿಟ್ಟಿದ್ದ. ಆಮೇಲೆ ಅದನ್ನು ಅಗೆದು ಮೇಲೆತ್ತಲು ನಾಲ್ಕು ಜನ ಬೇಕಾಯಿತು. ಆ ನಾಲ್ವರಲ್ಲಿ ಈ ಪಕ್ಕದ ಮನೆಯವನೂ ಒಬ್ಬ.

ಎಲ್ಲ ಮುಗಿದ ಮೇಲೆ ಊರ ಗೌಡ ಕೊಟ್ರಬಸಪ್ಪ ಉಚ್ಚೆಂಗೆಪ್ಪನನ್ನು ಕರೆಸಿದ. "ಯಾರು ಹೇಳಿದ್ದಲೇ ನಿನಗ?"

"ಚಾವಡಿ ಮ್ಯಾಗಳಿಂದ ಹೇಳಿದ್ರಿ, ಗೌಡ್ರ."

"ಚಾವಡಿ ಮ್ಯಾಗ ಯಾರು?"

ಆ ದಿನ ಕಟ್ಟೆಯ ಮೇಲೆ ಇದ್ದವರೆಲ್ಲ ತಾವು ಆ ದಿನ ಹೊಲದಲ್ಲಿದ್ದೆವೆಂದರು. ತಪ್ಪು ಹಲಗೆಗೆ ಬಂತು. ಆ ವರ್ಷ ಕಣದಲ್ಲಿ ಅವನ ಪಾಲಿನ ಜೋಳದ ತೆನೆ ಕೊಡುವಾಗ ಪ್ರತಿಯೊಬ್ಬರೂ ಒಂದು ಬೈಗುಳ ಸೇರಿಸಿ ಕೊಟ್ಟರು. ತೆನೆ ಮಾತ್ರ ಕಡಿಮೆಯಾಗಿತ್ತು.

ದಾರಿ ತೋರಿಸಿದವಳು ಅವನ ಹೆಂಡತಿ ಹನುಮಮ್ಮ. ಸಿರುಗುಪ್ಪದ ಮಗಳು, ಮಾತಿಗೆ ಹಿಂದೆ ಸರಿಯುವವಳಲ್ಲ. "ಬಾಯಿ ಅವರ್ದು, ಒದಿ ನಿನಗ. ಇನ್ನ ಮ್ಯಾಲೆ ಬಾಯಿ ಯಾರ್ದಂತ ಹಲಿಗಿ ಕೂಡ ಹೇಳು. ಆವಾಗ ನೋಡು, ಎಷ್ಟು ಮಂದಿ ಬಾಯಿ ತೆಗೀತಾರಂತ."

ಹಾಗೆ ಶುರುವಾಯಿತು. ಮೊದಲು ಗೌಡನಿಗೆ ಇದು ಅಧಿಕಪ್ರಸಂಗವೆನಿಸಿತು. ತಿಂಗಳೊಳಗೆ ಅನುಕೂಲವೆನಿಸಿತು. ಸಾರಬೇಕಾದ ಸುದ್ದಿಗಳು ಅರ್ಧಕ್ಕರ್ಧ ಇಳಿದಿದ್ದವು. ಒಮ್ಮೆ ಮರಿಬಸಪ್ಪ ಬಂದು, ಇನ್ನು ಹದಿನೈದು ದಿನ ಉಪ್ಪು ಸಿಗುವುದಿಲ್ಲವೆಂದು ಸಾರು ಎಂದ. ಅವನ ಅಂಗಡಿಯಲ್ಲಿ ಆಗ ಎಂಟು ಚೀಲ ಉಪ್ಪಿತ್ತು.

"ಹೇಳಿದೋರು ಮರಿಬಸಪ್ಪ ಸಾವ್ಕಾರ್ರು ಅನ್ಲೇನ್ರಿ?"

"ನನ್ನ ಹೆಸರು ಎದಕಲೇ?"

"ಹಂಗಾದ್ರ ಹಲಿಗಿ ಮನಿಗೆ ಹೊಂಟೈತ್ರಿ."

ಉಪ್ಪು ಆ ಹದಿನೈದು ದಿನವೂ ಸಿಕ್ಕಿತು.

ಈ ಪದ್ಧತಿ ಒಬ್ಬ ಮನುಷ್ಯನ ಜೀವದ ಪ್ರಶ್ನೆಯಾದದ್ದು ೧೯೪೯ರಲ್ಲಿ, ಯುಗಾದಿಗೆ ಹತ್ತು ದಿನ ಮುಂಚೆ.

ಹೊಸಪೇಟೆಯ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ಅದರ ಕಾಲುವೆ ಎಲ್ಲೆಲ್ಲಿ ಹಾಯಬೇಕೆಂದು ಅಳೆಯುವ ಸರ್ವೆಯವರು ಕರೂರಿನ ಆಚೆಗೆ ಡೇರೆ ಹಾಕಿದ್ದರು. ಹೊಲಗಳಲ್ಲಿ ಕೆಂಪು ಬಾವುಟ, ಸುಣ್ಣ ಬಳಿದ ಕಲ್ಲು ಕಾಣಿಸತೊಡಗಿದವು. ಅವುಗಳ ಹಿಂದೆಯೇ, ಸಿರುಗುಪ್ಪದ ಬಸ್ಸಿನಲ್ಲಿ ಬಂದಿತೆಂದು ಕೆಲವರು, ಬಳ್ಳಾರಿಯ ಬಸ್ಸಿನಲ್ಲೆಂದು ಕೆಲವರು, ಒಂದು ಸುದ್ದಿ ಬಂತು. ಕಟ್ಟೆ ನಿಲ್ಲುತ್ತಿಲ್ಲ. ಕಟ್ಟಿದ್ದು ಕಟ್ಟಿದಂತೆ ಕುಸಿಯುತ್ತಿದೆ. ಹೊಳೆ ಬಲಿ ಕೇಳಿದೆ. ಮನೆಗೆ ಮೊದಲು ಹುಟ್ಟಿದ ಗಂಡುಮಕ್ಕಳನ್ನು ಹಿಡಿದು ಚೀಲದಲ್ಲಿ ಹಾಕಿಕೊಂಡು ಒಯ್ಯಲು ಚೀಲದವರು ಊರೂರು ತಿರುಗುತ್ತಿದ್ದಾರೆ.

ವಾರದೊಳಗೆ ಸಾಲೆ ಖಾಲಿಯಾಯಿತು. ಮೇಷ್ಟ್ರು ಇಬ್ಬರು ಹುಡುಗಿಯರನ್ನು ಕೂಡಿಸಿಕೊಂಡು ಮಗ್ಗಿ ಹೇಳಿಸಿದರು. ತಾಯಂದಿರು ಹಿರಿಯ ಗಂಡುಮಕ್ಕಳಿಗೆ ಲಂಗ ಉಡಿಸಿ, ಜಡೆ ಹಾಕಿ, ಕೈಗೆ ಬಳೆ ತೊಡಿಸಿದರು. ಚೀಲದವನು ಬಂದರೆ ಹುಡುಗಿಯೆಂದು ತಿಳಿದು ಬಿಟ್ಟು ಹೋಗಲಿ ಎಂಬ ಉಪಾಯ. ಹಾದು ಹೋಗುವ ಬಂಡಿಯವರು ಇದನ್ನು ನೋಡಿದರು. ಕುರುಗೋಡಿನಲ್ಲಿ ಗಂಡು ಹುಡುಗರೆಲ್ಲ ಲಂಗದಲ್ಲಿದ್ದಾರೆ, ಸುಳ್ಳಾಗಿದ್ದರೆ ಯಾಕೆ ಉಡಿಸುತ್ತಿದ್ದರು ಎಂದು ಮುಂದಿನ ಊರಲ್ಲಿ ಹೇಳಿದರು. ಅಲ್ಲೂ ಲಂಗಗಳು ಹೊರಬಂದವು.

ಸಂತೆಯ ದಿನ ಮಧ್ಯಾಹ್ನ ಮುನಿಸಾಮಿ ಎಂಬ ತಮಿಳಿನವನು ಊರೊಳಗೆ ನಡೆದು ಬಂದ. ಸರ್ವೆಯಲ್ಲಿ ಸರಪಳಿ ಹಿಡಿಯುವ ಕೂಲಿ. ಅಳತೆಯ ಸರಪಳಿಯ ಕೊಂಡಿ ಸಡಿಲವಾಗಿತ್ತೆಂದು ಬಳ್ಳಾರಿಯ ಕೌಲ್ ಬಜಾರಿಗೆ ಒಯ್ದು ಸರಿಮಾಡಿಸಿಕೊಂಡು ಡೇರೆಗೆ ಮರಳುತ್ತಿದ್ದ. ಹೆಗಲ ಮೇಲೆ ಗೋಣಿಚೀಲ. ಬಾವಿಯ ಹತ್ತಿರ ಕೆಂಪು ಲಂಗದ ಒಂದು ಮಗು ಅವನ ಚೀಲವನ್ನೇ ನೋಡುತ್ತ ನಿಂತಿತ್ತು. ಮುನಿಸಾಮಿ ತನ್ನ ಭಾಷೆಯಲ್ಲಿ ಏನೋ ಹೇಳಿ, ನಕ್ಕು, ಒಂದು ಬತ್ತಾಸು ಕೊಟ್ಟ.

ನೀರು ಸೇದುತ್ತಿದ್ದ ಹೊನ್ನೂರಮ್ಮ ಕಂಡಳು. ಚೀಲ, ಪರಭಾಷೆ, ಮಗು, ಮಿಠಾಯಿ. ಕೊಡ ಬಿಟ್ಟು ಕಿರುಚಿದಳು. ಮಗು ಬೆದರಿ ಓಡಿಹೋಯಿತು. ಮುನಿಸಾಮಿ ಓಡಲಿಲ್ಲ, ಯಾರು ಯಾಕೆ ಕೂಗಿದರೆಂದು ನೋಡಲು ನಿಂತ. ಅದೇ ಅವನಿಗೆ ಮುಳುವಾಯಿತು.

ಮೂವತ್ತು ಜನ ಅವನನ್ನು ಚಾವಡಿಗೆ ಎಳೆದು ತಂದು ಕಂಬಕ್ಕೆ ಕಟ್ಟಿದರು. ಆ ಹೊತ್ತಿಗೆ ಅವನ ಅಂಗಿ ಹರಿದಿತ್ತು, ತುಟಿ ಒಡೆದಿತ್ತು. ಚೀಲ ಸುರುವಿದರು. ಕಬ್ಬಿಣದ ಸರಪಳಿ: ಕಟ್ಟಿಹಾಕಲು. ಚೂಪು ಸಲಾಕೆಗಳು: ಚುಚ್ಚಲು. ಕೆಂಪು ಬಟ್ಟೆ: ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ, ಎಲ್ಲರೂ ಒಮ್ಮೆ ಹಿಂದೆ ಸರಿದರು. ಕಾಲು ಸೇರು ಬತ್ತಾಸು. ಮುನಿಸಾಮಿಗೆ ಹರಕು ಮುರುಕು ತೆಲುಗು ಬರುತ್ತಿತ್ತು. ತಾನು ಡ್ಯಾಮಿನ ಕಾಲುವೆಯ ಕೆಲಸದವನು ಎಂದು ಮತ್ತೆ ಮತ್ತೆ ಹೇಳಿದ.

"ಕೇಳಿದ್ರೇನು!" ಎಂದ ಮರಿಬಸಪ್ಪ. "ಡ್ಯಾಮಿನವ ಅಂತ ಅವನ ಬಾಯಿಲೇ ಒಪ್ಪಿಕೊಂಡ!"

ಗೌಡ ಕೊಟ್ರಬಸಪ್ಪ ಕೆಟ್ಟವನಲ್ಲ. ಆದರೆ ಅವನಿಗೂ ಹಿರಿಯ ಮೊಮ್ಮಗನಿದ್ದ. ಅವನೂ ಆ ವಾರ ಲಂಗದಲ್ಲಿದ್ದ. ಪೊಲೀಸರಿಗೆ ಹೇಳಿ ಕಳಿಸೋಣ ಎಂದು ಗೌಡ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರಿಬಸಪ್ಪನದು ಬೇರೆ ವಿಚಾರ: ಸಂತೆಯಲ್ಲಿ ಸುತ್ತಮುತ್ತಲ ಊರುಗಳ ಸಾವಿರಾರು ಜನ ಇದ್ದಾರೆ, ಮಕ್ಕಳ ಕಳ್ಳ ಸಿಕ್ಕಿದ್ದಾನೆ ಎಂದು ಡಂಗುರ ಹೊಡೆಸಿ ಎಲ್ಲರನ್ನೂ ಕರೆಯೋಣ, ನ್ಯಾಯ ಅವರೇ ಮಾಡಲಿ. ಸಾವಿರಾರು ಜನ ಬಂದರೆ ಎಂಥ ನ್ಯಾಯ ಆಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುನಿಸಾಮಿಗೂ ಗೊತ್ತಾಗಿರಬೇಕು. ಅವನು ತೆಲುಗು ನಿಲ್ಲಿಸಿ ಕಣ್ಣು ಮುಚ್ಚಿಕೊಂಡ.

ಉಚ್ಚೆಂಗೆಪ್ಪನನ್ನು ಕರೆಸಿದರು. ಅವನು ಹಲಗೆಯೊಂದಿಗೆ ಬಂದು ಎಂದಿನಂತೆ ಮೆಟ್ಟಿಲ ಕೆಳಗೆ ನಿಂತ. ಮೇಲೆ ಕಂಬಕ್ಕೆ ಕಟ್ಟಿದ್ದ ಮನುಷ್ಯನ ಕಾಲು ಅವನ ಕಣ್ಣಿನ ಮಟ್ಟಕ್ಕಿದ್ದವು. ಹಿಮ್ಮಡಿ ಒಡೆದ, ಮುಳ್ಳು ತರಚಿದ ಕಾಲುಗಳು. ದಿನವೆಲ್ಲ ಹೊಲದಲ್ಲಿ ನಡೆಯುವವನ ಕಾಲು ಎಂದು ತನಗೆ ಆಗಲೇ ಅನಿಸಿತೆಂದು ಅವನು ಹೇಳುತ್ತಾನೆ. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಇವನು ಕಳ್ಳನಲ್ಲ ಎಂದಿದ್ದರೆ, ಉಚ್ಚೆಂಗೆಪ್ಪನೂ ಚೀಲದವರ ಕಡೆಯವನು ಎನ್ನುವವರು ಅಲ್ಲೇ ಇದ್ದರು.

ಅವನು ಒಂದಿಷ್ಟು ಒಣ ಹುಲ್ಲು ಕೂಡಿಸಿ ಬೆಂಕಿ ಮಾಡಿದ. ಹಲಗೆಯ ಚರ್ಮ ಕಾಯದಿದ್ದರೆ ನಾದ ಏಳುವುದಿಲ್ಲ. ಅದು ಕಸುಬು, ಯಾರೂ ಬೇಡವೆನ್ನುವಂತಿಲ್ಲ. ಹಲಗೆಯನ್ನು ಬೆಂಕಿಯ ಮೇಲೆ ತಿರುಗಿಸುತ್ತ ಕೇಳಿದ:

"ಹೇಳಿದೋರು ಯಾರನ್ಲಿ, ಗೌಡ್ರ?"

ಗೌಡ ಮರಿಬಸಪ್ಪನ ಕಡೆ ನೋಡಿದ. ಮರಿಬಸಪ್ಪ, "ಊರ ಮಂದಿ ಅನ್ನು" ಎಂದ.

"ಊರ ಮಂದಿ ಅಂಬೋ ಹೆಸರಿನೋರು ನಮ್ಮೂರಾಗ ಯಾರಿಲ್ರಿ ಸಾವ್ಕಾರ್ರ. ಇದು ಸಣ್ಣ ಮಾತಲ್ಲ. ನಾಳೆ ಪೊಲೀಸ್ರು ಬಂದು ಕೇಳಿದ್ರ ನಾ ಯಾರನ್ನ ತೋರಿಸ್ಲಿ?"

ಪೊಲೀಸರ ಮಾತು ಕೇಳಿ ಮರಿಬಸಪ್ಪ ಸ್ವಲ್ಪ ತಣ್ಣಗಾದ. "ನಾ ಏನ್ ಕಂಡೀನೇನು? ನನಗ ಬಂಡಿ ಎರ್ರಣ್ಣ ಹೇಳಿದ. ಅವನ ಹೆಸರು ಹಾಕು."

ಬಂಡಿ ಹೊಡೆಯುವ ಎರ್ರಣ್ಣ ಗುಂಪಿನಲ್ಲೇ ಇದ್ದ. "ಎಪ್ಪಾ, ನನ್ನ ಹೆಸರು ಬ್ಯಾಡ! ನನಗ ಕರೂರಿನ ಪಾರಮ್ಮ ಹೇಳಿದ್ಲು. ಮೆಣಸಿನಕಾಯಿ ಪಾರಮ್ಮ. ಅಲ್ಲೇ ಸಂತ್ಯಾಗ ಅದಾಳ, ಕೇಳ್ರಿ."

"ಎಷ್ಟು ಕೂಸು ಹೋಗ್ಯಾವಂತ ಹೇಳಿದ್ಲಪ?" ಉಚ್ಚೆಂಗೆಪ್ಪ ಹಲಗೆ ಮಗುಚಿದ.

"ಮೂರು."

"ನೀ ನನಗ ಏಳು ಅಂದಿದ್ದಿ!" ಎಂದ ಮರಿಬಸಪ್ಪ.

"ಮೂರು ಅಂದಿದ್ದೆ. ಏಳು ಮಾಡಿದ್ದು ನೀನು."

ಯಾರೋ ಸಣ್ಣಗೆ ನಕ್ಕರು. ಆ ಮಧ್ಯಾಹ್ನ ಚಾವಡಿಯಲ್ಲಿ ಕೇಳಿದ ಮೊದಲ ನಗೆ ಅದು. ಪಾರಮ್ಮನನ್ನು ಕರೆತರಲು ಹೊನ್ನೂರಮ್ಮನೇ ಹೋದಳು. ಉಚ್ಚೆಂಗೆಪ್ಪ ಹಲಗೆಗೆ ಬೆರಳು ಬಡಿದು ನೋಡಿ, "ಇನ್ನೂ ಕಾಯವಲ್ದು" ಎಂದು ಇನ್ನೊಂದು ಹಿಡಿ ಹುಲ್ಲು ಹಾಕಿದ.

ಪಾರಮ್ಮ ಬಂದಳು. ಅರ್ಧ ವ್ಯಾಪಾರ ಬಿಟ್ಟು ಬಂದವಳು, ಸಿಟ್ಟಿನಲ್ಲಿದ್ದಳು. "ಎದಕ ಕರದ್ರಿ? ಬ್ಯಾಡಗಿ ಒಂದು ಕಡೆ, ಗುಂಟೂರು ಒಂದು ಕಡೆ ಹರವಿ ಬಂದೀನಿ, ಅಲ್ಲಿ ದನ ಬಾಯಿ ಹಾಕ್ತಾವ."

"ಹಾಕಿದ್ರ ಒಂದ ಸಲ ಹಾಕ್ತಾವ ಬಿಡವ್ವ," ಎಂದ ಉಚ್ಚೆಂಗೆಪ್ಪ. "ನಿಮ್ಮೂರಾಗ ಮೂರು ಕೂಸು ಹೋಗ್ಯಾವಂತಲ್ಲ. ಯಾರ ಮನಿವು?"

ಪಾರಮ್ಮ ಸೊಂಟದ ಮೇಲೆ ಕೈ ಇಟ್ಟಳು. "ನಮ್ಮೂರಾಗ? ನಮ್ಮೂರಾಗ ಎಲ್ಲಿ ಹೋಗ್ಯಾವಪ? ಹೋಗಿದ್ದು ನಿಮ್ಮೂರಾಗಲ್ಲೇನು? ಅದಕ ನಾ ಮೊಮ್ಮಗಳ್ನ ಈ ಸಂತಿಗೆ ಕರಕೊಂಡು ಬಂದಿಲ್ಲ!"

"ನಮ್ಮೂರಾಗಂತ ನಿನಗ ಯಾರು ಹೇಳಿದ್ರು?"

"ನಿಮ್ಮೂರ ಬಂಡಿಯೋರ ಹೇಳಿದ್ರು," ಎಂದು ಅವಳು ಎರ್ರಣ್ಣನತ್ತ ಬೆರಳು ಮಾಡಿದಳು. "ಇವನ! ಕುರುಗೋಡಾಗ ಕೂಸುಗಳು ಹೋಗಾಕ ಹತ್ಯಾವ, ಹುಡುಗ್ರಿಗೆ ಲಂಗ ಉಡಸ್ಯಾರ ಅಂದ."

"ಲಂಗ ಉಡಸ್ಯಾರ ಅಂದೆ," ಎಂದ ಎರ್ರಣ್ಣ ಸಣ್ಣ ದನಿಯಲ್ಲಿ. "ಕೂಸು ಹೋಗ್ಯಾವಂತ ನೀ ಅಂದಿ."

ಸುದ್ದಿ ಎರಡು ಊರುಗಳ ನಡುವೆ ಇಬ್ಬರ ಬಾಯಲ್ಲಿ ಬಂದು ಹೋಗಿ ಮಾಡಿತ್ತು. ಪ್ರತಿ ಸಲವೂ ಒಂದು ಮಗುವನ್ನು ಹೆಚ್ಚು ಹೊತ್ತುಕೊಂಡು. ಜನ ಗುಜುಗುಜು ಎಂದರು. ಆದರೂ ಯಾರೂ ಕಟ್ಟು ಬಿಚ್ಚಲು ಹೋಗಲಿಲ್ಲ. ಕಳೆದ ಮಕ್ಕಳು ಕರೂರಿನವಲ್ಲದಿದ್ದರೆ ಬೇರೆ ಯಾವುದೋ ಊರಿನವಿರಬಹುದಲ್ಲ ಎಂದಿತು ಒಂದು ದನಿ. ಹೊಡೆಯಲೇ ಹಲಗೆ ಎಂದಿತು ಇನ್ನೊಂದು.

ಹಲಗೆ ಚೆನ್ನಾಗಿ ಕಾದಿತ್ತು. ಇನ್ನು ಕಾಯಿಸಿದರೆ ಚರ್ಮ ಸೀಳುತ್ತಿತ್ತು. ಉಚ್ಚೆಂಗೆಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಸಂತೆಯ ಬಯಲಿಗೆ ನಡೆದ. ಗುಂಪು ಹಿಂದೆಯೇ ಬಂತು. ಆರು ಪೆಟ್ಟು ಬಿದ್ದವು. ಇಡೀ ಸಂತೆ ತಿರುಗಿತು.

"ಕೇಳ್ರಪೋ ಕೇಳ್ರಿ! ಯಾವೂರವರ ಆಗ್ಲಿ, ಯಾರ ಮನಿ ಕೂಸು ಕಳದೈತಿ, ಅವರು ಚಾವಡಿಗೆ ಬಂದು ಕೂಸಿನ ಹೆಸರು, ಊರ ಹೆಸರು ಹೇಳ್ರಿ. ಕೇಳಿದ ಮಾತು ಬ್ಯಾಡ, ನಿಮ್ಮ ಮನಿ ಕೂಸು ಅಷ್ಟ!"

ಅಂಗೈ ಹಲಗೆಯ ಮೇಲೆ ಬಿತ್ತು.

"ಹೇಳಿದೋನು ಉಚ್ಚೆಂಗೆಪ್ಪ."

ಅವನ ಸ್ವಂತ ಹೆಸರು ಅವನ ಹಲಗೆಯಲ್ಲಿ ಕೇಳಿದ್ದು ಅದೇ ಮೊದಲು. ಮರಿಬಸಪ್ಪ ಹಲ್ಲು ಕಡಿದ. ತಾನು ಹೇಳಿದ್ದು ಅದಲ್ಲ. ಆದರೆ ಸಾರಿದ್ದನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ.

ಸಂತೆಯಲ್ಲಿ ತಾಯಂದಿರು ಮಕ್ಕಳ ತಲೆ ಎಣಿಸಿಕೊಂಡರು. ಕರೂರಿನವರು ಇಲ್ಲವೆಂದರು. ಸಿರಿಗೇರಿಯವರು ಇಲ್ಲವೆಂದರು, ನಮ್ಮೂರಲ್ಲಿ ಹೋಗಿಲ್ಲ, ನಿಮ್ಮೂರಲ್ಲಿ ಹೋಗಿವೆಯಂತಲ್ಲ ಎಂದು ಅವರೂ ಕೇಳಿದರು. ಕೊಳಗಲ್ಲಿನ ಒಬ್ಬ ಮುದುಕ ತನ್ನ ಕೋಳಿ ಕಳೆದಿದೆ, ನಡೆಯುತ್ತದೆಯೇ ಎಂದ. ಗೌಡನ ಮುಖ ಸಡಿಲವಾಗುತ್ತಿತ್ತು.

ಆಗ ಯಂಕಮ್ಮ ಓಡಿ ಬಂದಳು. ಊರ ಕೆಳಗಿನ ಕೇರಿಯ ಕೂಲಿ ಹೆಂಗಸು. ಸೆರಗು ನೆಲದಲ್ಲಿ ಎಳೆಯುತ್ತಿತ್ತು. "ನನ್ನ ಹಿರಿಮಗ ಸುಂಕಣ್ಣ ಕಾಣವಲ್ಲ! ಮಧ್ಯಾಹ್ನದಿಂದ ಕಾಣವಲ್ಲ! ಎಲ್ಲಿ ಐತ್ರಿ ನನ್ನ ಕೂಸು?"

ಎಲ್ಲರೂ ಒಮ್ಮೆಗೇ ಚಾವಡಿಯ ಕಡೆ ತಿರುಗಿದರು. ಈಗ ಮೂವತ್ತು ಜನರಲ್ಲ, ಸಂತೆಗೆ ಸಂತೆಯೇ. "ಕೊಯ್ದು ಹಾಕ್ರಿ ಅವನ್ನ!" ಎಂದು ಯಾರೋ ಕೂಗಿದರು. ಮರಿಬಸಪ್ಪ ಉಚ್ಚೆಂಗೆಪ್ಪನ ಹಲಗೆ ಹಿಡಿದು ಜಗ್ಗಿದ. "ಹೆಸರು ಕೇಳ್ತಿದ್ದ್ಯಲ್ಲ, ತಗಾ! ಸಿಕ್ತಲ್ಲೇನು ಹೆಸರು?"

ಸಿಕ್ಕಿತ್ತು. ಉಚ್ಚೆಂಗೆಪ್ಪ ಗುಂಪಿಗಿಂತ ಮುಂದೆ ಓಡಿ, ಹುಟ್ಟಿದ ಮೇಲೆ ಮೊದಲ ಬಾರಿಗೆ ಚಾವಡಿಯ ಮೆಟ್ಟಿಲು ಹತ್ತಿ, ಮುನಿಸಾಮಿಯ ಮುಂದೆ ಹಲಗೆ ಅಡ್ಡ ಹಿಡಿದು ನಿಂತ. ಅವನು ಮೇಲೆ ಹತ್ತಿದ್ದು ನೋಡಿಯೇ ಅರ್ಧ ಜನ ದಂಗಾಗಿ ನಿಂತರು. ಆ ಸಂದಿನಲ್ಲಿ ಅವನು ಕೇಳಿದ ಪ್ರಶ್ನೆ ಸಾಮಾನ್ಯದ್ದು. ಮಕ್ಕಳು ಕಳೆದಾಗ ಅವನು ಯಾವಾಗಲೂ ಕೇಳುವುದೇ.

"ಯಂಕಮ್ಮ, ಮೈಮ್ಯಾಲೆ ಏನು ಬಟ್ಟಿ ಇತ್ತು?"

"ಲಂಗ," ಎಂದಳು ಯಂಕಮ್ಮ ಅಳುತ್ತ. "ಅವರಕ್ಕಂದು ಕೆಂಪು ಲಂಗ. ಜಡಿ ಹಾಕಿದ್ದೆ."

"ಕೆಂಪು ಲಂಗ?" ಹೊನ್ನೂರಮ್ಮ ಗುಂಪಿನಿಂದ ಮುಂದೆ ಬಂದಳು. "ಹಂಗಾರ ಬಾಯ್ಯಾಗ ಬತ್ತಾಸು ಇಟ್ಟುಕೊಂಡು ಓಡಿತಲ್ಲ, ಆ ಕೂಸು ನಿಂದಾ? ನಾ ಯಾವುದೋ ಹೆಣ್ಣುಕೂಸು ಅಂದುಕೊಂಡೆ! ಅದು ಓಡಿದ ಮ್ಯಾಲ ಇವನ್ನ ಹಿಡದ್ರು. ಇವ ಅದರ ಹಿಂದ ಹೋಗಾಕ ಎಲ್ಲೈತಿ?"

ಎರ್ರಣ್ಣ ತಲೆ ಕೆರೆದುಕೊಂಡ. "ಕೆಂಪು ಲಂಗದ್ದು... ಬತ್ತಾಸು ಚೀಪತಿತ್ತೇನು? ನನ್ನ ಬಂಡ್ಯಾಗ ಗೋಣಿ ಚೀಲದ ಮ್ಯಾಲ ಒಂದು ಹುಡುಗಿ ಮಲಗೈತಿ. ಪಾರಮ್ಮನ ಮೊಮ್ಮಗಳು ಅಂತ ನಾ ಸುಮ್ನಿದ್ದೆ."

"ನನ್ನ ಮೊಮ್ಮಗಳು ಬಂದಿಲ್ಲಂತ ಆಗ್ಲೇ ಬಡಕೊಂಡೆನಲ್ಲೋ, ಮಂಕ!" ಎಂದಳು ಪಾರಮ್ಮ.

ಎಲ್ಲರೂ ಬಂಡಿಗಳ ಕಡೆ ಓಡಿದರು. ಸುಂಕಣ್ಣ ಗೋಣಿಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಗಲ್ಲಕ್ಕೆ ಸಕ್ಕರೆ ಅಂಟಿ ನೊಣ ಕೂತಿದ್ದವು. ಕಿರುಚಿದ್ದು ಕೇಳಿ ಹೆದರಿ ಬಂದು ಬಚ್ಚಿಟ್ಟುಕೊಂಡವನಿಗೆ ಬಿಸಿಲ ಝಳಕ್ಕೆ ನಿದ್ದೆ ಹತ್ತಿತ್ತು. ಹಲಗೆಯ ಸದ್ದಿಗೂ ಎದ್ದಿರಲಿಲ್ಲ. ಆ ದಿನ ಇಡೀ ಸಂತೆಯಲ್ಲಿ ಕಳೆದ ಮಗು ಅದೊಂದೇ. ಅದನ್ನು ಕಳೆದದ್ದು ಚೀಲದವನಲ್ಲ, ಲಂಗ. ಯಂಕಮ್ಮ ಅದನ್ನು ಅಲ್ಲೇ ಕಳಚಿ ಎಸೆದಳು. ಸುಂಕಣ್ಣ ಬತ್ತಲೆಯಾಗಿ ತಾಯಿಯ ಕಂಕುಳೇರಿ ಮನೆಗೆ ಹೋದ.

ಮುನಿಸಾಮಿಯ ಕಟ್ಟು ಬಿಚ್ಚಿದರು. ಗೌಡ ಅವನಿಗೆ ಮಜ್ಜಿಗೆ ತರಿಸಿ ಕೊಟ್ಟ. ಮುನಿಸಾಮಿ ಅದನ್ನು ಕುಡಿದು, ಸರಪಳಿ ಸಲಾಕೆ ಚೀಲಕ್ಕೆ ತುಂಬಿಕೊಂಡು, ಹೊರಡಲು ಎದ್ದು, ಮತ್ತೆ ಕೂತ. ಡೇರೆಗೆ ಒಂದು ಹಗಲಿನ ನಡಿಗೆ. ನಡುವೆ ನಾಲ್ಕು ಹಳ್ಳಿ. ಆ ನಾಲ್ಕರಲ್ಲೂ ಇದೇ ಸುದ್ದಿ, ಇದೇ ಲಂಗಗಳು. ಬಾವಿಗಳ ಹತ್ತಿರ ಹೊನ್ನೂರಮ್ಮಂದಿರು. ಕುರುಗೋಡಿನಲ್ಲಿ ಬಿಡುಗಡೆಯಾದದ್ದು ಮುಂದಿನ ಊರಿಗೆ ಹೇಗೆ ಗೊತ್ತಾಗಬೇಕು?

"ಮುಂಜಾನಿ ನಾ ಸಂಗಾಟ ಹೊಕ್ಕೀನಿ," ಎಂದ ಉಚ್ಚೆಂಗೆಪ್ಪ. ಆ ಹೊತ್ತಿಗೆ ಅವನು ಮತ್ತೆ ಮೆಟ್ಟಿಲ ಕೆಳಗೆ ಇಳಿದು ನಿಂತಿದ್ದ. "ಊರೂರಿಗೆ ಸಾರ್ತೀನಿ, ಇವ ಕಾಲುವಿ ಅಳಿಯೋನು, ಯಾರ ಕೂಸೂ ಕಳದಿಲ್ಲ ಅಂತ. ಆದ್ರ ಹೇಳಿದೋರು ಯಾರನ್ಲಿ? ನನ್ನ ಹೆಸರು ಈ ಊರ ಗಡಿ ದಾಟಿದ್ರ ಯಾರಿಗೂ ಗೊತ್ತಿಲ್ಲ."

ಮರಿಬಸಪ್ಪ ಅಂಗಡಿಯ ನೆನಪಾದವನಂತೆ ಎದ್ದ. ಗೌಡ ಗಂಟಲು ಸರಿಮಾಡಿಕೊಂಡ. ಮೂರು ಗಂಟೆ ತಾವೇ ಕಂಬಕ್ಕೆ ಕಟ್ಟಿಸಿದ್ದ ಮನುಷ್ಯನ ಪರವಾಗಿ ನಾಲ್ಕು ಊರಿನಲ್ಲಿ ಹೆಸರು ಹೇಳಿಸಿಕೊಳ್ಳುವುದೆಂದರೆ, ಕಟ್ಟಿಸಿದ್ದು ತಪ್ಪೆಂದು ನಾಲ್ಕು ಊರಿಗೆ ಸಾರಿಸಿದಂತೆಯೇ.

ಮಗುವನ್ನು ಮನೆಯಲ್ಲಿ ಬಿಟ್ಟು ಯಂಕಮ್ಮ ಮರಳಿ ಬಂದಿದ್ದಳು. ದೂರದಲ್ಲಿ ನಿಂತೇ ಹೇಳಿದಳು: "ನನ್ನ ಹೆಸರು ಹೇಳಣ್ಣ. ಕಳದಿದ್ದು ನನ್ನ ಕೂಸು, ಸಿಕ್ಕಿದ್ದೂ ನನ್ನ ಕೂಸು. ಗೌಡ್ರಿಗೆ ನಾಚಿಕಿ ಆದ್ರ ಬ್ಯಾಡ."

ಗೌಡ ಬಹಳ ಹೊತ್ತು ಮೀಸೆ ನೀವಿದ. "ನಂದೂ ಹೇಳಲೇ," ಎಂದ ಕೊನೆಗೆ. ಆಮೇಲೆ ಹೊನ್ನೂರಮ್ಮ, ತಾನೇ ಕಿರುಚಿದವಳು, ತನ್ನದೂ ಇರಲಿ ಎಂದಳು. ಪಾರಮ್ಮ, ಕರೂರಿನಲ್ಲಿ ತನ್ನ ಹೆಸರು ಹೇಳದಿದ್ದರೆ ಯಾರೂ ನಂಬುವುದಿಲ್ಲ ಎಂದಳು. ಎರ್ರಣ್ಣ, ಹೆಸರು ಬೇಡ, ಬಂಡಿ ಕೊಡುತ್ತೇನೆ ಎಂದ.

ಮರುದಿನ ಬೆಳಿಗ್ಗೆ ಬಂಡಿ ಹೊರಟಿತು. ಮೊದಲ ಎರಡು ಊರು ಸಲೀಸಾಗಿ ದಾಟಿದವು. ಜನ ಕೇಳಿದರು, ಮುನಿಸಾಮಿಯನ್ನು ಮೇಲೆ ಕೆಳಗೆ ನೋಡಿದರು, ಬಿಟ್ಟರು. ಮೂರನೆಯ ಊರಿನಲ್ಲಿ ಹುಣಸೆ ಮರದ ಕೆಳಗೆ ಹತ್ತು ಹನ್ನೆರಡು ಜನ ಬಡಿಗೆ ಹಿಡಿದು ನಿಂತಿದ್ದರು. ಕುರುಗೋಡಿನಲ್ಲಿ ಚೀಲದವನು ಸಿಕ್ಕಿದನೆಂಬ ಸುದ್ದಿ ಹಿಂದಿನ ಸಂಜೆಯೇ ಅಲ್ಲಿ ತಲುಪಿತ್ತು. ಬಿಟ್ಟರೆಂಬುದು ತಲುಪಿರಲಿಲ್ಲ. ಉಚ್ಚೆಂಗೆಪ್ಪ ಬಂಡಿಯಿಂದಿಳಿದು ಹಲಗೆ ಹೊಡೆದು ವಿಷಯ ಸಾರಿದ. ಹೆಸರುಗಳನ್ನು ಹೇಳಿದ. ಗೌಡನ ಹೆಸರಿಗೆ ಬಡಿಗೆಗಳು ಅಲುಗಲಿಲ್ಲ. ಯಂಕಮ್ಮನ ಹೆಸರು ಬಂದಾಗ ಒಂದು ಮುದುಕಿ ಕೇಳಿದಳು:

"ಯಾವ ಯಂಕಮ್ಮ? ಕೆಳಗಿನ ಕೇರ್ಯಾಕಿ? ಹೋದ ಸುಗ್ಗ್ಯಾಗ ನಮ್ಮ ಹೊಲಕ್ಕ ಹತ್ತಿ ಬಿಡಸಾಕ ಬಂದಿದ್ಲಲ್ಲ, ಆಕಿನಾ?"

"ಆಕಿನ, ಯವ್ವ."

"ಆಕಿ ಮಗಾ ಸಿಕ್ನಾ?"

"ಸಿಕ್ದ. ಬಂಡ್ಯಾಗ ಮಲಗಿದ್ದ. ಇಕಾ, ಇದ ಬಂಡಿ."

ಮುದುಕಿ ಬಂಡಿಯ ಹತ್ತಿರ ಬಂದು ಗೋಣಿಯ ಮೇಲೆ ಕೈಯಾಡಿಸಿ ನೋಡಿದಳು. ಅಲ್ಲಿ ಇನ್ನೂ ಸಕ್ಕರೆ ಅಂಟಿತ್ತು. ಇರುವೆ ಹತ್ತಿದ್ದವು. "ಬಡಿಗಿ ಇಡ್ರಲೇ," ಎಂದಳು ತಿರುಗಿ. ಇಟ್ಟರು.

ಮುನಿಸಾಮಿ ಸಂಜೆಯೊಳಗೆ ಡೇರೆ ಸೇರಿದ. ಒಂದು ದಿನ ತಡವಾದದ್ದಕ್ಕೆ ಓವರ್‌ಸೀಯರ್ ಬೈದ. ಸರಪಳಿ ಬಿಚ್ಚಿ ನೋಡಿ ಇನ್ನಷ್ಟು ಬೈದ: ಚಾವಡಿಯ ಎಳೆದಾಟದಲ್ಲಿ ಅದರ ಎರಡು ಕೊಂಡಿ ಸೊಟ್ಟಗಾಗಿದ್ದವು. ಅದನ್ನು ಮತ್ತೆ ಬಳ್ಳಾರಿಗೆ ಒಯ್ಯಬೇಕಿತ್ತು.

ಹದಿನೈದು ದಿನದ ಮೇಲೆ ಒಯ್ದ. ಸಿರುಗುಪ್ಪಕ್ಕೆ ಹೋಗಿ ಬಸ್ಸು ಹಿಡಿಯಬಹುದಿತ್ತು. ಅವನು ಕುರುಗೋಡಿನ ದಾರಿಯನ್ನೇ ಹಿಡಿದ. ಯುಗಾದಿ ಕಳೆದಿತ್ತು, ಸಾಲೆ ತುಂಬಿತ್ತು. ಬಾವಿಯ ಹತ್ತಿರ ನಿಂತು, ಉಚ್ಚೆಂಗೆಪ್ಪನ ಮನೆ ಯಾವುದೆಂದು ತೆಲುಗಿನಲ್ಲಿ ಕೇಳಿದ. ಅವನು ಊರಲ್ಲಿಲ್ಲ, ಮದುವೆಯ ಹಲಗೆಗೆ ಸಿರುಗುಪ್ಪಕ್ಕೆ ಹೋಗಿದ್ದಾನೆ, ಬರುವುದು ನಾಳೆ ಎಂದರು ಹೆಂಗಸರು. ಮುನಿಸಾಮಿ ಬೊಗಸೆಯೊಡ್ಡಿ ನೀರು ಕುಡಿದು, ಚೀಲ ಹೆಗಲಿಗೇರಿಸಿ, ಸಂತೆಯ ಬಯಲನ್ನು ನಡುವೆಯೇ ಹಾಯ್ದು, ಬಳ್ಳಾರಿಯ ದಾರಿಯಲ್ಲಿ ಒಬ್ಬನೇ ಹೋದ. ಯಾರೂ ಅವನನ್ನು ನಿಲ್ಲಿಸಲಿಲ್ಲ.